ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ?

(ಯಲಹಂಕದ ಹಾಸ್ಟೆಲೊಂದರಲ್ಲಿ ಭಾನುವಾರ ಸಂಜೆ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



‘ಓದಿನ ಪ್ರೀತಿ’ ಅನ್ನೋ ವಿಷಯ ಕೊಟ್ಟು ಮಾತಾಡಿ ಅಂದಿದ್ದೀರಿ. ನಿಮಗೆ ಓದಿ ಓದಿ ಅಂತ ಹೇಳೋರಿಗೆ ಬರಗಾಲ ಇಲ್ಲ. ಮನೇಲಿ ಅವ್ವ ಹೇಳ್ತಾಳೆ, ಇಲ್ಲಿ ವಾರ್ಡನ್ ಹೇಳ್ತಾರೆ, ಏಪ್ರಿಲ್ 14ಕ್ಕೆ ಹಾರ ಹಾಕೋಕೆ ಬರೋ ಮಂತ್ರಿನೂ ಹೇಳಿ ಹೋಗ್ತಾರೆ. ನಾನೂ ಅದನ್ನೇ ಹೇಳಿ ಟೀ ಕುಡಿದು ಎದ್ದು ಹೋದರೆ ನಿಮ್ಮ ಭಾನುವಾರ ಹಾಳು. ಅದಕ್ಕೇ ನಾನು ಬೇರೆ ಕಡೆಯಿಂದ ಶುರು ಮಾಡ್ತೀನಿ. ಈ ಉತ್ತರ ಬೆಂಗಳೂರಲ್ಲಿ ಪುಸ್ತಕ ಎಲ್ಲಿದೆ, ಅದು ಯಾರ ಕೈಗೆ ಸಿಗುತ್ತೆ, ಯಾರ ಕೈಗೆ ಸಿಗಲ್ಲ, ಇಷ್ಟನ್ನ ಮೊದಲು ನೋಡೋಣ. ಕಣ್ಣಿಗೇ ಕಾಣದ್ದರ ಮೇಲೆ ಪ್ರೀತಿ ಹೇಗೆ ಹುಟ್ಟಬೇಕು ಹೇಳಿ?

ಯಶವಂತಪುರ ರೈಲ್ವೆ ಸ್ಟೇಷನ್ನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ. 1909ರದ್ದು. ನಮ್ಮ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. ಅದರೊಳಗೆ ದೇಶದ ದೊಡ್ಡ ವಿಜ್ಞಾನ ಗ್ರಂಥಾಲಯಗಳಲ್ಲಿ ಒಂದಿದೆ. ಹೆಬ್ಬಾಳ ದಾಟಿದರೆ ಜಿಕೆವಿಕೆ, ಕೃಷಿ ವಿಶ್ವವಿದ್ಯಾಲಯ, ಅಲ್ಲೂ ಗ್ರಂಥಾಲಯ. ಈಚೆಗೆ ಬಂದರೆ ಆರ್.ಟಿ. ನಗರ. ಆರ್.ಟಿ. ಅಂದರೆ ಏನು ಅಂತ ಅಲ್ಲಿರೋರನ್ನೇ ಕೇಳಿ, ಆರ್.ಟಿ.ಓ. ಆಫೀಸು ಇತ್ತೇನೋ ಅಂತಾರೆ. ಅದು ರವೀಂದ್ರನಾಥ ಠಾಗೋರ್ ನಗರ. ಒಬ್ಬ ಕವಿಯ ಹೆಸರಲ್ಲಿ ಬಡಾವಣೆ ಕಟ್ಟಿ, ಸೈಟು ಹಂಚಿ, ಹೆಸರನ್ನ ಎರಡಕ್ಷರಕ್ಕೆ ಇಳಿಸಿಬಿಟ್ಟರು!

ಈ ಕಾಂಪೌಂಡುಗಳ ಆಚೆಗೆ ಯಾರಿದ್ದಾರೆ? ಥಣಿಸಂದ್ರ, ಹೆಗಡೆನಗರ, ಜಕ್ಕೂರು ಕಡೆ ತಗಡಿನ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರಿದ್ದಾರೆ. ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವವರಿದ್ದಾರೆ. ಬೆಳಗಿನ ಜಾವ ಈ ರಸ್ತೆಗಳನ್ನ ಗುಡಿಸುವ ಪೌರಕಾರ್ಮಿಕರಿದ್ದಾರೆ. ದೇವರಜೀವನಹಳ್ಳಿಯ ಗಲ್ಲಿಗಳಲ್ಲಿ ನಮ್ಮವರ ಮನೆ, ಮುಸ್ಲಿಮರ ಮನೆ, ತಮಿಳರ ಮನೆ ಗೋಡೆಗೆ ಗೋಡೆ ತಾಗಿಕೊಂಡಿವೆ. ಈ ಮನೆಗಳ ಮಕ್ಕಳು ಓದೋದು ಸರ್ಕಾರಿ ಶಾಲೆಯಲ್ಲಿ, ಇಲ್ಲವೇ ಸಾಲ ಮಾಡಿ ಕಟ್ಟೋ ಫೀಜಿನ ಪುಟ್ಟ ಕಾನ್ವೆಂಟಿನಲ್ಲಿ. ಆ ಮನೆಗಳಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಎಷ್ಟಿದೆ ಅಂತ ಎಣಿಸೋಕೆ ಒಂದು ಕೈ ಸಾಕು.

ಹೆಬ್ಬಾಳದ ವಿಷಯ ಬಂತಲ್ಲ, ಒಂದು ಕಲ್ಲಿನ ಕತೆ ಹೇಳಬೇಕು. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿತು. ಕಿತ್ತಯ್ಯ ಅನ್ನೋನು ಊರು ಕಾಯೋ ಜಗಳದಲ್ಲಿ ಸತ್ತದ್ದನ್ನ ಅದರಲ್ಲಿ ಕೆತ್ತಿದ್ದಾರೆ. ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು, ಬೆಂಗಳೂರಲ್ಲಿ ಈವರೆಗೆ ಸಿಕ್ಕಿರೋ ಕನ್ನಡ ಶಾಸನಗಳಲ್ಲಿ ತೀರ ಹಳೆಯದು ಅಂತ ಬಲ್ಲವರು ಹೇಳ್ತಾರೆ. ಅಂದರೆ ನಾವು ಬಸ್ಸು ಕಾಯ್ತಾ ನಿಲ್ಲೋ ಆ ಹೆಬ್ಬಾಳದಲ್ಲಿ ಹೆಚ್ಚುಕಡಿಮೆ 1270 ವರ್ಷದಿಂದ ಕನ್ನಡ ಅಕ್ಷರ ಇದೆ. ಸಂತೋಷ. ಆದರೆ ನನಗೆ ಬರೋ ಪ್ರಶ್ನೆ ಬೇರೆ. ಆ ಕಲ್ಲನ್ನ ಬಂಡೆಯಿಂದ ಸೀಳಿದವನು ಯಾರು, ಹೊತ್ತು ತಂದವನು ಯಾರು, ನೆಟ್ಟವನು ಯಾರು? ಅವರಿಗೆ ಅದರ ಮೇಲಿದ್ದದ್ದು ಓದೋಕೆ ಬರ್ತಿತ್ತಾ? ಕಲ್ಲು ಹೊರೋ ಕೈಗೂ ಅಕ್ಷರ ಓದೋ ಕಣ್ಣಿಗೂ ನಡುವೆ ನಮ್ಮ ದೇಶದಲ್ಲಿ ಸಾವಿರ ವರ್ಷದ ಗೋಡೆ ಇತ್ತು. ಆ ಗೋಡೆ ಉರುಳಿ ಬಹಳ ದಿನ ಆಗಿಲ್ಲ, ಪೂರ್ತಿ ಉರುಳಿಯೂ ಇಲ್ಲ.

ಆ ಗೋಡೆಗೆ ಮೊದಲ ಏಟು ಕೊಟ್ಟವರು ನಿಮಗಿಂತ ಚಿಕ್ಕವರು. ಪುಣೆಯಲ್ಲಿ ಜೋತಿಬಾ, ಸಾವಿತ್ರಿಬಾಯಿ ಫುಲೆ 1848ರಲ್ಲಿ ಶಾಲೆ ತೆರೆದರು. ಅವರ ಶಾಲೆಯ ಹುಡುಗಿ ಮುಕ್ತಾ ಸಾಳ್ವೆ, ಮಾಂಗ್ ಜಾತಿಯವಳು, ಹದಿನಾಲ್ಕು ವರ್ಷ. 1855ರಲ್ಲಿ ಮಾಂಗ್-ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು, ಅದು ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ನಿಮ್ಮದು, ನಾವು ಅದನ್ನ ನೋಡಲೂ ಬಾರದು ಅಂತೀರಿ, ಹಾಗಾದರೆ ನಮ್ಮ ಧರ್ಮ ಯಾವುದು ಅಂತ ನೇರವಾಗಿ ಕೇಳಿದಳು. ಅಕ್ಷರ ಕಲಿತು ಇನ್ನೂ ಕೆಲವೇ ವರ್ಷ ಆಗಿತ್ತು, ಅಷ್ಟರಲ್ಲಿ ಈ ಪ್ರಶ್ನೆ! ಅದರ ಮರುವರ್ಷ, 1856ರ ಜೂನ್‌ನಲ್ಲಿ, ನಮ್ಮ ಧಾರವಾಡದಲ್ಲಿ ಒಬ್ಬ ಹುಡುಗ ಸರ್ಕಾರಿ ಶಾಲೆಗೆ ನನ್ನನ್ನ ಸೇರಿಸಿಕೊಳ್ಳಿ ಅಂತ ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ದಾಖಲೆ ಅವನನ್ನ ‘ಮಹಾರ್ ಹುಡುಗ’ ಅಂತ ಕರೆಯುತ್ತೆ. ಸರ್ಕಾರ ಏನಂತು? ನಿನ್ನ ಕಡೆ ನ್ಯಾಯ ಇದೆ, ಆದರೆ ನಿನ್ನೊಬ್ಬನನ್ನ ಸೇರಿಸಿದರೆ ಉಳಿದವರೆಲ್ಲ ಶಾಲೆ ಬಿಡ್ತಾರೆ, ಆಗಲ್ಲ ಅಂತು. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಹುಡುಗನ ಪ್ರಸಂಗವನ್ನ ಎತ್ತಿ ಇಟ್ಟರು. ಎಪ್ಪತ್ತು ವರ್ಷದ ಹಿಂದೆ ಬಾಗಿಲಲ್ಲಿ ನಿಂತಿದ್ದ ಹುಡುಗನನ್ನ ಅವರು ಮರೆತಿರಲಿಲ್ಲ.

ಇನ್ನು ಬಾಬಾಸಾಹೇಬರ ಓದು. ಅವರು 32 ಡಿಗ್ರಿ ಮಾಡಿದರು, ಒಂಬತ್ತು ಭಾಷೆ ಕಲಿತರು ಅಂತ ಪೋಸ್ಟರ್‌ಗಳಲ್ಲಿ ಲೆಕ್ಕ ಹಾಕ್ತಾ ಕೂರ್ತೀವಿ. ನನಗೆ ಆ ಲೆಕ್ಕಕ್ಕಿಂತ ಪರೇಲಿನ ಆ ಒಂದೇ ಕೋಣೆಯ ಮನೆ ಮುಖ್ಯ. ಮನೆ ತುಂಬ ಜನ, ಮೂಲೆಯಲ್ಲಿ ಬೀಸುಕಲ್ಲು, ಜೊತೆಗೊಂದು ಮೇಕೆ. ಹುಡುಗ ಬೇಗ ಮಲಗೋದು, ಅಪ್ಪ ರಾಮಜಿ ರಾತ್ರಿ ಎರಡು ಗಂಟೆಗೆ ಎಬ್ಬಿಸೋದು, ಆಮೇಲೆ ಬೆಳಗಿನ ತನಕ ಓದು. ಮಗ ಕೇಳಿದ ಪುಸ್ತಕಕ್ಕೆ ದುಡ್ಡಿಲ್ಲದಾಗ ರಾಮಜಿ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಕೈ ಚಾಚ್ತಿದ್ದರು, ಅವರ ಒಡವೆ ಅಡವಿಟ್ಟು ಪುಸ್ತಕ ತರ್ತಿದ್ದರು. ಪಠ್ಯ ಬಿಟ್ಟು ಬೇರೆ ಪುಸ್ತಕಕ್ಕೆ ಒಡವೆ ಅಡವಿಡೋ ಅಪ್ಪ! ಆ ಅಕ್ಕಂದಿರನ್ನೂ ನೆನೆಯಬೇಕು. ಶಾಲೆ ಬಿಟ್ಟ ಮೇಲೆ ಹುಡುಗ ಚರ್ನಿ ರೋಡಿನ ಪಾರ್ಕಿನಲ್ಲಿ ಕೂತು ಓದೋನು. ಅಲ್ಲೇ ಕೆಳೂಸ್ಕರ್ ಅನ್ನೋ ಮೇಷ್ಟ್ರು ಅವನನ್ನ ನೋಡಿ ಮಾತಾಡಿಸಿ ಪುಸ್ತಕ ಕೊಡೋಕೆ ಶುರು ಮಾಡಿದರು. ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಚರಿತ್ರೆಯನ್ನೂ ಕೊಟ್ಟರು. ಆ ಪುಸ್ತಕ ಯಾವ ಪರೀಕ್ಷೆಗೂ ಇಟ್ಟಿರಲಿಲ್ಲ. ಅದರ ಮೇಲೆ ಯಾರೂ ಮಾರ್ಕ್ಸು ಕೊಡಲಿಲ್ಲ. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಬುದ್ಧನ ಕಡೆ ತಿರುಗಿದರಲ್ಲ, ಅದರ ಬೇರು ಹುಡುಕ್ತಾ ಹೋದರೆ ಆ ಪುಸ್ತಕವೂ ಸಿಗುತ್ತೆ. ಅದು ತಮ್ಮ ಮೇಲೆ ಆಳವಾಗಿ ನಾಟಿತು ಅಂತ ಅವರೇ ಬರೆದುಕೊಂಡಿದ್ದಾರೆ.

ಈಗ ನಮ್ಮ ಹಾಸ್ಟೆಲಿನ ಕಪಾಟು ನೋಡೋಣ. ಯಾವ ಹಾಸ್ಟೆಲಿಗೆ ಹೋದರೂ ನಾನು ಮೊದಲು ಅದನ್ನೇ ನೋಡೋದು, ಅಡುಗೆಮನೆ ಆಮೇಲೆ. ಕೆಎಎಸ್ ಗೈಡು, ಪಿಡಿಒ ಗೈಡು, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್ ಗೈಡು, ಸಾಮಾನ್ಯ ಜ್ಞಾನದ ಡೈಜೆಸ್ಟು. ತಮಾಷೆ ಮಾಡ್ತಿಲ್ಲ, ತಪ್ಪು ತಿಳೀಬೇಡಿ. ಕೆಲಸ ಅನ್ನ. ಹಳ್ಳೀಲಿ ಅಪ್ಪ ಅವ್ವ ನಿಮ್ಮ ಆರ್ಡರ್ ಕಾಪಿ ಕಾಯ್ತಾ ಕೂತಿದ್ದಾರೆ. ಆ ಗೈಡು ಓದಲೇಬೇಕು. ನನ್ನ ತಕರಾರು ಇಷ್ಟೇ. ಮೇಲಿನವರ ಮನೆಯ ಹುಡುಗ ಗೈಡೂ ಓದ್ತಾನೆ, ಕತೆಯೂ ಓದ್ತಾನೆ, ಬೇಜಾರಾದರೆ ಪತ್ತೇದಾರಿ ಕಾದಂಬರಿನೂ ಓದ್ತಾನೆ. ನಮ್ಮ ಹುಡುಗನಿಗೆ ಮಾತ್ರ ಓದು ಅಂದರೆ ಏಣಿ. ಹತ್ತಿ ಮುಗಿದ ಮೇಲೆ ಏಣಿಯನ್ನ ಯಾರು ಪ್ರೀತಿಸ್ತಾರೆ? ಕೆಲಸ ಸಿಕ್ಕ ದಿನ ಗೈಡು ರದ್ದಿಗೆ. ಅವತ್ತಿಂದ ಓದೇ ರದ್ದು. ಹೀಗೆ ಆಫೀಸರ್ ಆದವರ ಮನೆಗಳಿಗೆ ಹೋಗಿದ್ದೀನಿ. ಶೋಕೇಸಿನಲ್ಲಿ ಕಪ್ಪು, ಶೀಲ್ಡು, ಬಾಬಾಸಾಹೇಬರ ಚಿಕ್ಕ ಪ್ರತಿಮೆ. ಅವರು ಬರೆದ ಒಂದು ಪುಸ್ತಕ ಇಲ್ಲ. ಕನ್ನಡದಲ್ಲಿ ಅವರ ಬರಹ ಭಾಷಣಗಳ ಸಂಪುಟಗಳನ್ನ ಸರ್ಕಾರವೇ ಕಡಿಮೆ ಬೆಲೆಗೆ ಅಚ್ಚು ಹಾಕಿದೆ ಅಂದರೆ ಹೌದಾ ಅಂತಾರೆ.

ನಮ್ಮ ಚಳವಳಿ ಹುಟ್ಟಿದ್ದೇ ಪುಸ್ತಕದ ಮೇಲಿನ ಒಂದು ಜಗಳದಿಂದ ಅನ್ನೋದನ್ನ ಮರೀಬಾರದು. 1973ರ ನವೆಂಬರ್ 19ರಂದು ಮೈಸೂರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಇದೆ ಅನ್ನೋ ಮಾತಾಡಿದರು. ಮಲ ಹೊರುವ ಪದ್ಧತಿ ನಿಲ್ಲಿಸಿದ ಮಂತ್ರಿ ಅವರು. ಗಲಾಟೆ ಎದ್ದಿತು, ಹಾಸ್ಟೆಲುಗಳ ನಮ್ಮ ಹುಡುಗರು ಏಟು ತಿಂದರು, ಬಸವಲಿಂಗಪ್ಪ ರಾಜೀನಾಮೆ ಕೊಟ್ಟರು. ಆ ಹುಡುಗರು ಏಟು ತಿಂದು ಸುಮ್ಮನೆ ಕೂರಲಿಲ್ಲ, ಓದೋಕೆ ಕೂತರು. ಯಾವುದು ಬೂಸಾ, ಯಾವುದು ಕಾಳು ಅಂತ ಆರಿಸೋಕೆ ಮೊದಲು ಮೊರ ಕೈಗೆ ತಗೋಬೇಕಲ್ಲ! ಇಲ್ಲಿಂದ ದೂರವೇನಲ್ಲ, ಶ್ರೀರಾಮಪುರದ ಹಾಸ್ಟೆಲಿನಲ್ಲಿ ಬೆಳೆದ ಸಿದ್ಧಲಿಂಗಯ್ಯ 1975ರಲ್ಲಿ ‘ಹೊಲೆಮಾದಿಗರ ಹಾಡು’ ತಂದರು. 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂತು, ನಂಜನಗೂಡು ಸೀಮೆಯ ಕೇರಿಯ ಮಾತಿನಲ್ಲೇ. ಹಾಸ್ಟೆಲಿನ ಮುದ್ದೆ ತಿಂದುಕೊಂಡು ಒಂದು ಪೀಳಿಗೆ ಓದಿ ಬರೆದು ಕನ್ನಡ ಸಾಹಿತ್ಯದ ದಿಕ್ಕನ್ನೇ ತಿರುಗಿಸಿತು. ಅವರಲ್ಲಿ ಯಾರೂ ಗೈಡು ಓದಿ ಹಾಗಾದವರಲ್ಲ.

ಇರಲಿ, ದೊಡ್ಡವರ ಮಾತು ಸಾಕು. ಚಿಕ್ಕ ಮಕ್ಕಳ ಕಡೆ ಬರೋಣ. ಓದಿನ ರುಚಿ ಹತ್ತೋದು ಆರೇಳು ವರ್ಷದಿಂದ ಹತ್ತು ಹನ್ನೆರಡರೊಳಗೆ.

ನಾನು ಕಲಿತ ಪ್ರೈಮರಿ ಶಾಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಅದರೊಳಗೆ ಬಣ್ಣದ ಕತೆ ಪುಸ್ತಕ ಇವೆ ಅಂತ ನಮಗೆಲ್ಲ ಗೊತ್ತು. ಇನ್‌ಸ್ಪೆಕ್ಟರ್ ಬಂದ ದಿನ ತೆಗೆದು ಮೇಜಿನ ಮೇಲೆ ಜೋಡಿಸೋರು, ಸಂಜೆಗೆ ಮತ್ತೆ ಒಳಗೆ. ಏಳು ವರ್ಷದಲ್ಲಿ ಒಂದನ್ನೂ ಮುಟ್ಟಲಿಲ್ಲ. ಮೇಷ್ಟ್ರು ಕೆಟ್ಟವರಲ್ಲ, ಪಾಠ ಚೆನ್ನಾಗೇ ಮಾಡೋರು. ಭಯ ಅವರಿಗೆ. ಪುಸ್ತಕ ದಾಸ್ತಾನು ರಿಜಿಸ್ಟರಿನಲ್ಲಿ ಏರಿದೆ, ಒಂದು ಕಳೆದರೂ ಉತ್ತರ ಕೊಡಬೇಕಾದವರು ಅವರು. ಮಗು ಓದದೇ ಇದ್ದರೆ ಯಾರೂ ಕೇಳಲ್ಲ, ಪುಸ್ತಕ ಕಳೆದರೆ ಕೇಳ್ತಾರೆ. ಅಂಥಾ ಲೆಕ್ಕದಲ್ಲಿ ಯಾರಾದರೂ ಬೀಗ ಹಾಕೇ ಹಾಕ್ತಾರೆ. ಈಗಲೂ ನಾನು ನೋಡಿದ ಎಷ್ಟೋ ಶಾಲೆಯಲ್ಲಿ ಆ ಬೀಗ ಹಾಗೇ ಇದೆ.

ಕಾನೂನು ಏನು ಹೇಳುತ್ತೆ ಗೊತ್ತಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಪತ್ರಿಕೆ ಇರಬೇಕು, ಎಲ್ಲ ವಿಷಯದ ಪುಸ್ತಕ ಇರಬೇಕು, ಕತೆ ಪುಸ್ತಕ ಕೂಡ ಇರಬೇಕು ಅಂತಿದೆ. ಕತೆ ಪುಸ್ತಕ ಅಂತ ಹೆಸರು ಹಿಡಿದೇ ಇದೆ! ಅಂದರೆ ಥಣಿಸಂದ್ರದ ಶೆಡ್ಡಿನ ಮಗುವಿಗೆ ಕತೆ ಪುಸ್ತಕ ಯಾರೋ ದಾನಿ ಹುಟ್ಟುಹಬ್ಬಕ್ಕೆ ಹಂಚೋ ಬಿಸ್ಕತ್ತಲ್ಲ, ಪಾರ್ಲಿಮೆಂಟು ಕೊಟ್ಟಿರೋ ಹಕ್ಕು.

ಗ್ರಂಥಾಲಯ ಶಾಸ್ತ್ರದ ದೊಡ್ಡ ಹೆಸರು ಎಸ್.ಆರ್. ರಂಗನಾಥನ್, ಕಡೆಗಾಲವನ್ನ ಈ ಬೆಂಗಳೂರಲ್ಲೇ ಕಳೆದು 1972ರಲ್ಲಿ ಇಲ್ಲೇ ತೀರಿಕೊಂಡರು. 1931ರಲ್ಲಿ ಐದು ಸೂತ್ರ ಬರೆದರು. ಮೊದಲನೇದರಲ್ಲೇ ಪುಸ್ತಕವನ್ನ ಕಾಪಾಡಿ ಇಡೋದಕ್ಕಿಂತ ಬಳಸೋದನ್ನ ಮುಂದೆ ಇಟ್ಟರು. ಯುರೋಪಿನ ಹಳೇ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ಕಬ್ಬಿಣದ ಸರಪಳಿ ಹಾಕಿ ಕಪಾಟಿಗೆ ಬಿಗಿದಿರ್ತಿದ್ದರಂತೆ. ನಮ್ಮಲ್ಲಿ ಸರಪಳಿ ಇಲ್ಲ, ಗೋದ್ರೇಜ್ ಬೀರು ಇದೆ.

ಮೈಸೂರಿನ ರಾಜೀವ್‌ನಗರದ ಸೈಯದ್ ಇಸಾಕ್ ಅವರನ್ನ ನೆನೆಯಿರಿ. ಕೂಲಿ ಮಾಡಿದವರು, ಚರಂಡಿ ಕೆಲಸ ಮಾಡಿದವರು, ಸ್ವತಃ ಓದು ಬರಹ ಬರದವರು. 2011ರಲ್ಲಿ ಬಡಾವಣೆಯ ಜನಕ್ಕೆ ಅಂತ ಗ್ರಂಥಾಲಯ ತೆರೆದರು, ಕನ್ನಡ ಪುಸ್ತಕ ತುಂಬಿಸಿದರು, ಕೂಲಿ ದುಡ್ಡಿನಲ್ಲಿ ದಿನಪತ್ರಿಕೆ ತರಿಸಿದರು. 2021ರ ಏಪ್ರಿಲ್ 9ರಂದು ಅದಕ್ಕೆ ಬೆಂಕಿ ಬಿತ್ತು, ಸುಮಾರು 11,000 ಪುಸ್ತಕ ಬೂದಿ. ಆ ಮನುಷ್ಯ ಮತ್ತೆ ಕಟ್ಟುತ್ತೀನಿ ಅಂದರು, ನಾಡಿನ ಜನ ಪುಸ್ತಕ, ದುಡ್ಡು ಕಳಿಸಿದರು, ಗ್ರಂಥಾಲಯ ಮತ್ತೆ ಎದ್ದಿತು. ತಾನು ಓದಲಾರದ ಪುಸ್ತಕಕ್ಕೆ ಕೂಲಿ ಸುರಿದ ಆತನ ಮುಂದೆ ನಮ್ಮ ಶೋಕೇಸಿನ ಆಫೀಸರುಗಳನ್ನ ನಿಲ್ಲಿಸಿ ನೋಡಿ.

ಆದರೆ ಎಲ್ಲವನ್ನೂ ಇಸಾಕ್ ಅಂಥವರ ಹೆಗಲ ಮೇಲೆ ಹಾಕಿ ಸರ್ಕಾರ ಮಲಗೋ ಹಾಗಿಲ್ಲ. ದುಡ್ಡು ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ವಸೂಲಿ ಮಾಡ್ತಾರೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕಟ್ಟಡದ ಮೇಲೂ ಆ ಕರ ಇದೆ, ನಿಮ್ಮ ಚಿಕ್ಕಪ್ಪ ಬಾಡಿಗೆಗಿರೋ ಹತ್ತು ಚದರದ ಮನೆ ಮೇಲೂ ಇದೆ. ಮಾಲೀಕ ಅದನ್ನ ಬಾಡಿಗೆಯೊಳಗೆ ಸೇರಿಸಿಯೇ ತಗೋತಾನೆ, ಹಾಗಾಗಿ ಕಟ್ಟೋರು ನಾವೂ ಹೌದು. ಬಿಬಿಎಂಪಿ ಇದ್ದ ಕಾಲದಲ್ಲಿ ವಸೂಲಿ ಮಾಡಿದ ಈ ದುಡ್ಡನ್ನ ಗ್ರಂಥಾಲಯ ಇಲಾಖೆಗೆ ಪೂರ್ತಿ ಕೊಡದೆ ಬಾಕಿ ನೂರಾರು ಕೋಟಿ ಆಯಿತು. ಪತ್ರಿಕೆಗಳಲ್ಲಿ ಬಂತು, ಸದನದಲ್ಲಿ ಬಂತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವು, ಯಲಹಂಕ ಉತ್ತರ ಪಾಲಿಕೆಗೆ ಬಂತು. ಬೋರ್ಡು ಬದಲಾದಾಗ ಹಳೇ ಬಾಕಿ ಮರೆತು ಹೋಗದ ಹಾಗೆ ನೋಡಿಕೊಳ್ಳೋರು ಯಾರು? ನೀವು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ನಮ್ಮ ವಾರ್ಡುಗಳಿಂದ ಎಷ್ಟು ಗ್ರಂಥಾಲಯ ಕರ ಬಂತು, ಎಷ್ಟು ಇಲಾಖೆಗೆ ಹೋಯಿತು, ಎಷ್ಟಕ್ಕೆ ಪುಸ್ತಕ ಕೊಂಡರು. ಇಷ್ಟು ಬರೆಯೋಕೆ ಐವತ್ತು ಪದ ಸಾಕು. ಇನ್ನೂ ಒಂದು ಕೇಳಬೇಕು. ‘ಓದುವ ಬೆಳಕು’ ಅಂತ 2020ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನ ಪುಕ್ಕಟೆ ಸದಸ್ಯರನ್ನಾಗಿ ಮಾಡಿಕೊಂಡರು. ಒಳ್ಳೇ ಕೆಲಸ. ನಮ್ಮ ಕಡೆ ರಸ್ತೆಯ ಆ ಪಕ್ಕ ಪಂಚಾಯ್ತಿ, ಈ ಪಕ್ಕ ಪಾಲಿಕೆ. ಈ ಪಕ್ಕದ ಕೇರಿ, ಶೆಡ್ಡಿನ ಮಕ್ಕಳನ್ನೂ ಹಾಗೇ ಹುಡುಕಿಕೊಂಡು ಹೋಗಿ ಸೇರಿಸಿ ಅಂತ ಒತ್ತಾಯ ಮಾಡಬೇಕು.

ಅರ್ಜಿಗೆ ಉತ್ತರ ಬರೋ ತನಕ ಮಕ್ಕಳು ಬೆಳೆಯೋದನ್ನ ನಿಲ್ಲಿಸಲ್ಲ. ಅದಕ್ಕೆ ನಿಮ್ಮ ಕೈಯಲ್ಲಿರೋ ಕೆಲಸ ಹೇಳ್ತೀನಿ. ವಾರಕ್ಕೊಂದು ಗಂಟೆ ಶೆಡ್ಡಿಗೋ ಕೇರಿಗೋ ಹೋಗಿ ಜೋರಾಗಿ ಓದಿ ಹೇಳೋದು. ಪಾಠ ಮಾಡೋದಲ್ಲ. ಓದಿ ಮುಗಿಸಿ ‘ಈ ಕತೆಯ ನೀತಿ ಏನು?’ ಅಂತ ಕೇಳಿದಿರೋ, ಮುಂದಿನ ವಾರ ಅರ್ಧ ಮಕ್ಕಳು ಬರಲ್ಲ. ಪುಸ್ತಕ ಅವರ ಕೈಗೆ ಕೊಡಿ, ಕೈ ಕೊಳೆ ಇದ್ದರೂ ಕೊಡಿ. ಹರಿದರೆ ಅಂಟಿಸಿ. ಒಂದೆರಡು ಮನೆಗೆ ಹೋಗಿ ವಾಪಸ್ ಬರದಿದ್ದರೆ ಆ ಮನೆಯಲ್ಲಿ ಈಗ ಪುಸ್ತಕ ಇದೆ ಅಂತ ತಿಳಿಯಿರಿ.

ಭಾಷೆ ವಿಷಯದಲ್ಲಿ ಹುಷಾರು. ಪೌರಕಾರ್ಮಿಕರ ಎಷ್ಟೋ ಮನೆಗಳಲ್ಲಿ ತೆಲುಗು ಆಡ್ತಾರೆ, ಪಕ್ಕದಲ್ಲಿ ಉರ್ದು, ತಮಿಳು. ಕಲಬುರಗಿ ಮಗುವಿನ ಕನ್ನಡವೇ ಬೇರೆ. ಪುಸ್ತಕದ ಕನ್ನಡ ಅದಕ್ಕೆ ಅರ್ಧ ಪರಭಾಷೆ. ‘ತಪ್ಪು ಮಾತಾಡ್ತೀಯ’ ಅಂತ ನಕ್ಕರೆ ಆ ಮಗು ಬಾಯಿ ಮುಚ್ಚುತ್ತೆ, ಆಮೇಲೆ ಪುಸ್ತಕನೂ ಮುಚ್ಚುತ್ತೆ. ನಮ್ಮ ಮಾತಿಗೆ ನಕ್ಕವರನ್ನ ನಾವು ಮರೆತಿಲ್ಲ ತಾನೆ? ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ಅಂತ ಮಾಡಿ ಮಕ್ಕಳ ಕತೆಗಳನ್ನ ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲದರಲ್ಲೂ ಪುಕ್ಕಟೆ ಇಟ್ಟಿದೆ. ನಿಮ್ಮ ಫೋನಲ್ಲಿ ತೆಗೆದು, ಪ್ರಿಂಟ್ ಹಾಕಿಸಿ ದಾರದಲ್ಲಿ ಹೊಲಿದರೆ ಪುಸ್ತಕ ಆಯಿತು. ಒಂದೇ ಕತೆಯನ್ನ ಎರಡು ಭಾಷೆಯಲ್ಲಿ ಓದಿಸಿ. ತೆಲುಗಿನದನ್ನ ಆ ಮನೆಯ ಅಕ್ಕನೇ ಓದಲಿ.

2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸ್ತಿದ್ದಾರೆ, ನಮ್ಮ ಹಾಸ್ಟೆಲಿನಲ್ಲೂ ಓದ್ತೀರಿ. ಬಾಯಿಪಾಠ ಚೆನ್ನಾಗಿದೆ. ‘ಸಾರ್ವಭೌಮ’ ಅಂದರೆ ಏನಮ್ಮಾ ಅಂತ ಆರನೇ ಕ್ಲಾಸಿನ ಹುಡುಗಿಯೊಬ್ಬಳನ್ನ ಕೇಳಿದೆ. ‘ಗೊತ್ತಿಲ್ಲ ಅಂಕಲ್, ಮಂತ್ರ ಅಲ್ವಾ’ ಅಂದಳು. ಮಂತ್ರದ ಕಾಟ ತಪ್ಪಿಸೋಕೆ ಬರೆದದ್ದೂ ಮಂತ್ರ ಆಗೋಯ್ತು ನೋಡಿ! ವಾರಕ್ಕೆ ಒಂದು ಪದ ತಗೊಂಡು ಅದರ ಮೇಲೆ ಮಾತಾಡಿ, ಸಾಕು.

ನಮ್ಮಪ್ಪ ಯಶವಂತಪುರದ ಯಾರ್ಡಿನಲ್ಲಿ ಹಮಾಲಿ, ಹೆಬ್ಬೆಟ್ಟು. ಮೂಟೆ ಮೇಲೆ ಬಳಿದಿದ್ದ ಗುರುತು ನೋಡಿ ಇದು ಯಾವ ಮಂಡಿಗೆ, ಯಾವ ಊರಿನ ಸರಕು ಅಂತ ಓಡೋ ಹೊತ್ತಿನಲ್ಲೇ ಹೇಳೋನು. ನಲವತ್ತು ಅಂಗಡಿ ಗುರುತು ತಲೆಯಲ್ಲಿತ್ತು. ಅಂಥಾ ಕಣ್ಣಿಗೆ ಐವತ್ತು ಅಕ್ಷರ ಕಷ್ಟವಾ? ಕಲಿಸೋರಿರಲಿಲ್ಲ, ಅಷ್ಟೇ. ಹಾಗಾಗಿ ಮಕ್ಕಳ ಜೊತೆ ದೊಡ್ಡೋರೂ ಬಂದು ಕೂತರೆ ಎಬ್ಬಿಸಬೇಡಿ.

ಹುಡುಗಿಯರಿಗೆ ಒಂದು ಮಾತು. ಶಾಖಾ ಗ್ರಂಥಾಲಯಗಳಲ್ಲಿ ಪೇಪರ್ ಓದ್ತಾ ಕೂತಿರೋರಲ್ಲಿ ಹೆಣ್ಣುಮಕ್ಕಳು ಎಷ್ಟು ಅಂತ ಎಣಿಸಿ ಬನ್ನಿ. ಐದಾರು ಜನ ಒಟ್ಟಿಗೆ ಹೋಗಿ ಕೂತುಬಿಡಿ, ಜಾಗ ತಾನಾಗೇ ಆಗುತ್ತೆ.

ಈಗ ಕೆಲಸ. ಈ ಹಾಸ್ಟೆಲಿನ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ನಾನು ಬಂದಾಗ ಕೇಳಿದೆ. ಮೂರು ಜನ ಮೂರು ಹೆಸರು ಹೇಳಿದಿರಿ. ನಾಳೆ ತಿಂಡಿಗೆ ಮುಂಚೆ ಅದು ಇತ್ಯರ್ಥ ಆಗಲಿ. ಒಂದು ನೋಟ್‌ಬುಕ್ ಇಡಿ, ಯಾರು ಯಾವ ಪುಸ್ತಕ ಒಯ್ದರು ಅಂತ ಅವರೇ ಬರೆದುಕೊಳ್ಳಲಿ. ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ಜಕ್ಕೂರಿನ ಶೆಡ್ಡುಗಳ ಹತ್ತಿರ ಹೋಗೋದು ಅಂತ ಏಳು ಜನ ಹೆಸರು ಕೊಟ್ಟಿದ್ದಾರೆ. ಎಂಟನೆಯವರು ಯಾರು? ಒಬ್ಬೊಬ್ಬರು ಒಂದು ಕತೆ ಮೊದಲೇ ಎರಡು ಸಲ ಜೋರಾಗಿ ಓದಿ ತಯಾರಾಗಿ ಬನ್ನಿ. ಚಾಪೆ ನಾನು ತರ್ತೀನಿ.

ಜೈ ಭೀಮ್.